ನೋವಾ ಅಂದರೆ ನಕ್ಷತ್ರ ಹುಟ್ಟಿದ್ದಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪತ್ರಿಕೆಯ ಒಳಪುಟದಲ್ಲಿ, ಈರುಳ್ಳಿ ಧಾರಣೆಯ ಪಕ್ಕದಲ್ಲಿ, ನಾಲ್ಕು ಬೆರಳುದ್ದದ ಒಂದು ಸುದ್ದಿ ಇತ್ತು. ‘ಪಕ್ಕದ ಗ್ಯಾಲಕ್ಸಿಯಲ್ಲಿ ಹೊಸ ನಕ್ಷತ್ರಗಳ ಜನನ’ ಎಂದು ತಲೆಬರಹ. ಆಂಡ್ರೊಮೆಡಾ ಗ್ಯಾಲಕ್ಸಿಯಲ್ಲಿ, ಅಂದರೆ ಆ ಹೆಸರಿನ ನಕ್ಷತ್ರಗಳ ಭಾರೀ ಗುಂಪಿನಲ್ಲಿ, ಮಾಮೂಲಿಗಿಂತ ತುಂಬಾ ಜಾಸ್ತಿ ಬೆಳಗುವ ನೋವಾಗಳು ಸಿಕ್ಕಿವೆ ಎನ್ನುವುದು ವಿಷಯ. ಧಾರಣೆ ನೋಡಲು ಪುಟ ತಿರುಗಿಸಿದವನು ಅಲ್ಲೇ ನಿಂತುಬಿಟ್ಟೆ. ಜೋರಾಗಿ ಓದಿದೆ. ಒಳಗಿನಿಂದ ನಮ್ಮವ್ವ, “ಯಾರಿಗೋ ನೋವು?” ಎಂದು ಕೇಳಿದಳು.

ಇಂಥ ಸುದ್ದಿ ನಮ್ಮ ಕನ್ನಡ ಪತ್ರಿಕೆಯಲ್ಲಿ ಬಂತಲ್ಲ ಎಂದು ಖುಷಿಯಾಯಿತು. ಆದರೆ ತಲೆಬರಹ ತಪ್ಪು. ನೋವಾ ಅಂದರೆ ಹಳೆಯ ನಕ್ಷತ್ರವೊಂದು ಥಟ್ಟನೆ ಹೊತ್ತಿಕೊಂಡು ಬೆಳಗುವುದು, ಹುಟ್ಟುವುದಲ್ಲ. ಮರುದಿನ ಸೋಮವಾರ ನನ್ನ ಮಗಳಿಗೆ ಶಾಲೆಯ ಪ್ರಾರ್ಥನೆಯಲ್ಲಿ ವಾರ್ತೆ ಓದುವ ಸರದಿ. ಒಂಬತ್ತನೇ ತರಗತಿಯಲ್ಲಿದ್ದಾಳೆ. ನನ್ನನ್ನು ಕೇಳದೆ ಅದೇ ತಲೆಬರಹವನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಇಡೀ ಶಾಲೆಯ ಮುಂದೆ ಓದಿ ಬಂದಳು. ಸಂಜೆ ನಾನು ವಿವರ ಹೇಳಿದ ಮೇಲೆ ಸಪ್ಪಗಾದಳು. “ಪೇಪರ್‌ನಲ್ಲೇ ಇತ್ತಲ್ಲಪ್ಪ” ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿಸಿ. ಹೊಸಕೋಟೆಯ ವಿಷಯ ಮಾತ್ರ ಉಳಿಸಿಕೊಳ್ಳಿ.

ನಾನು ಚಳ್ಳಕೆರೆ ತಾಲ್ಲೂಕಿನ ರೈತ. ಬಿಎಸ್ಸಿ ಮುಗಿಸಿ ಊರಿಗೇ ಬಂದವನು. ಎರಡು ಎಕರೆ ದಾಳಿಂಬೆ ಇದೆ, ಉಳಿದದ್ದರಲ್ಲಿ ಈರುಳ್ಳಿ, ಶೇಂಗಾ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ರಾತ್ರಿ ಪಾಳಿ ಬಂದಾಗ ಹನ್ನೆರಡೂವರೆಗೆ ಎದ್ದು, ಟಾರ್ಚು, ಕೋಲು ಹಿಡಿದು ಹೊಲಕ್ಕೆ ಹೋಗುತ್ತೇನೆ. ಸ್ಟಾರ್ಟರ್ ಒತ್ತಿ ವಾಲ್ವ್ ತಿರುಗಿಸಿದರೆ, ಮುಂದಿನ ವಾಲ್ವ್ ಬದಲಾಯಿಸುವ ತನಕ ಒಂದು ಗಂಟೆ ಕೈ ಖಾಲಿ. ಆ ಒಂದು ಗಂಟೆಯಲ್ಲೇ ನಾನು ಆಕಾಶ ನೋಡಲು ಕಲಿತದ್ದು. ಕೊರಳಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್ ಇರುತ್ತದೆ. ಅಂತರರಾಷ್ಟ್ರೀಯ ಖಗೋಳ ವರ್ಷ ಅಂತ ಎಲ್ಲ ಕಡೆ ಸಂಭ್ರಮವಿದ್ದ 2009ರಲ್ಲಿ, ಈರುಳ್ಳಿ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಟಾರ್ಚಿನ ಬಾಯಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿದ್ದೇನೆ. ಕೆಂಪು ಬೆಳಕಾದರೆ ಕಣ್ಣು ಕತ್ತಲಿಗೆ ಒಗ್ಗಿದ್ದು ಕೆಡುವುದಿಲ್ಲ. ಜೇಬಿನಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಈಗ ನಡೆಯುತ್ತಿರುವುದು ಏಳನೆಯದು.

ನಿಮ್ಮ ಸುದ್ದಿಯಲ್ಲಿ ಒಂದು ದೊಡ್ಡ ಮಾತು ಬಿಟ್ಟುಹೋಗಿತ್ತು. ಆ ಆಂಡ್ರೊಮೆಡಾ ಗ್ಯಾಲಕ್ಸಿ ಬರಿಗಣ್ಣಿಗೇ ಕಾಣುತ್ತದೆ. ಈಗ ನವೆಂಬರ್. ಚಂದ್ರನಿಲ್ಲದ ರಾತ್ರಿ ಒಂಬತ್ತು ಗಂಟೆಗೆ, ಬೀದಿದೀಪ ಇಲ್ಲದ ಕಡೆ ಹೋಗಿ ನಿಲ್ಲಿ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರದ ದೊಡ್ಡ ಚೌಕವೊಂದು ಕಾಣುತ್ತದೆ. ಪಂಚಾಂಗದಲ್ಲಿ ಓದುತ್ತೇವಲ್ಲ, ಪೂರ್ವಾಭಾದ್ರ, ಉತ್ತರಾಭಾದ್ರ, ಅವೆರಡೂ ಸೇರಿದ್ದೇ ಆ ಚೌಕ. ಅದರ ಈಶಾನ್ಯ ಮೂಲೆಯಿಂದ ಮುಂದಕ್ಕೆ ಎರಡು ನಕ್ಷತ್ರ ಎಣಿಸಿ. ಎರಡನೆಯದರಿಂದ ಉತ್ತರಕ್ಕೆ ಹೊರಳಿ ಮತ್ತೆರಡು ಸಣ್ಣವನ್ನು ಎಣಿಸಿ. ಕೊನೆಯದರ ಮಗ್ಗುಲಲ್ಲೇ ಇದೆ. ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಸ್ವಲ್ಪ ಓರೆಗಣ್ಣು ಮಾಡಿದರೆ ಮೂಡುತ್ತದೆ. ಕನ್ನಡಿಗೆ ಉಸಿರು ಬಿಟ್ಟಾಗ ಕಟ್ಟುವ ಮಬ್ಬಿನ ಹಾಗೆ. ನಮ್ಮಲ್ಲಿ ಆ ನಕ್ಷತ್ರಪುಂಜಕ್ಕೆ ದೇವಯಾನಿ ಎಂದು ಹೆಸರು. ನನ್ನ ಪಾಳಿಯ ಹೊತ್ತಿಗೆ, ರಾತ್ರಿ ಒಂದು ಗಂಟೆಗೆ, ಅದು ವಾಯವ್ಯಕ್ಕೆ ಇಳಿದು ಪಕ್ಕದ ಹೊಲದ ಹುಣಸೆಮರದ ಮೇಲೆ ಇರುತ್ತದೆ.

ಆ ಮಬ್ಬಿನ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ. ಹಾಗಾಗಿ ಈಗ ಸಿಕ್ಕ ನೋವಾ ಅಂದರೂ ಅದು ಈಗ ಆದದ್ದಲ್ಲ. ಬೆಳಕು ಬಂದು ಮುಟ್ಟಿದ್ದು ಈಗ, ಅಷ್ಟೇ.

ಇನ್ನು ‘ಜನನ’ದ ವಿಷಯ. ನೋವಾ ಎನ್ನುವುದು ಲ್ಯಾಟಿನ್ ಮಾತು, ಹೊಸದು ಎಂದರ್ಥ. ಇಲ್ಲದ ಕಡೆ ನಕ್ಷತ್ರ ಕಂಡಾಗ ಹಿಂದಿನವರು ಹೊಸದು ಎಂದು ಕರೆದರು, ಹೆಸರು ಹಾಗೇ ಉಳಿಯಿತು. ನಿಮ್ಮ ಉಪಸಂಪಾದಕರು ದಾರಿ ತಪ್ಪಿದ್ದಕ್ಕೆ ಆ ಹೆಸರೇ ಕಾರಣ ಇರಬೇಕು. ನಿಜ ಏನೆಂದರೆ ನೋವಾದಲ್ಲಿ ಬೆಳಗುವುದು ಮುದಿ ನಕ್ಷತ್ರ. ಸೂರ್ಯನಂಥ ನಕ್ಷತ್ರ ತನ್ನ ಉರುವಲು ಮುಗಿಸಿ, ಹೊರಮೈ ಕಳೆದುಕೊಂಡು, ಭೂಮಿಯಷ್ಟೇ ಗಾತ್ರಕ್ಕೆ ಕುಗ್ಗಿ ಕೂತಿರುತ್ತದೆ. ಅದಕ್ಕೆ ಶ್ವೇತಕುಬ್ಜ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಬೂದಿ ಮುಚ್ಚಿದ ಕೆಂಡ. ಅದರ ಪಕ್ಕದಲ್ಲೇ ಇನ್ನೊಂದು ನಕ್ಷತ್ರ ಸುತ್ತುತ್ತಿರುತ್ತದೆ. ಆ ಜೊತೆಗಾರನ ಮೈಯಿಂದ ಹೈಡ್ರೋಜನ್ ಅನಿಲ ಈ ಕೆಂಡದ ಮೇಲೆ ಇಳಿಯುತ್ತಲೇ ಇರುತ್ತದೆ. ನಮ್ಮ ದಾಳಿಂಬೆ ಬುಡಕ್ಕೆ ಡ್ರಿಪ್ ಪೈಪಿನಿಂದ ನೀರು ತೊಟ್ಟಿಕ್ಕುತ್ತದಲ್ಲ, ಹಾಗೆ, ಬಿಡದೆ. ಸಾವಿರಾರು ವರ್ಷ ಹೀಗೆ ಒಟ್ಟುಗೂಡಿದ ಪದರದ ತಳದಲ್ಲಿ ಒತ್ತಡ, ಶಾಖ ಮಿತಿ ಮೀರಿದಾಗ ಇಡೀ ಪದರ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಅದು ಸಾಧಾರಣ ಬೆಂಕಿಯಲ್ಲ, ಹೈಡ್ರೋಜನ್ ಬಾಂಬಿನ ಬೆಂಕಿ. ಪದರ ಕಿತ್ತು ಹೊರಕ್ಕೆ ಹಾರುತ್ತದೆ. ಒಳಗಿನ ಕೆಂಡ ಮಾತ್ರ ಹಾಗೇ ಉಳಿಯುತ್ತದೆ. ಮತ್ತೆ ಅನಿಲ ಇಳಿಯಲು ಶುರು.

ಇದನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಒಂದು ನೋವಾವನ್ನು ಕಣ್ಣಾರೆ ಕಂಡಿದ್ದೇನೆ. 2021ರ ಮಾರ್ಚ್ 18ರಂದು ಜಪಾನಿನ ಯೂಜಿ ನಕಮುರ ಎನ್ನುವ ಹವ್ಯಾಸಿ, ಕ್ಯಾಸಿಯೋಪಿಯಾ ಪುಂಜದಲ್ಲಿ ಒಂದು ನೋವಾ ಹಿಡಿದರು. ಮೇ ತಿಂಗಳಲ್ಲಿ ಅದು ಬರಿಗಣ್ಣಿನ ಅಂಚಿಗೆ ಬಂತು. ಆಗ ಇಲ್ಲಿ ಕೊರೊನಾದ ಎರಡನೇ ಅಲೆ. ಊರಲ್ಲಿ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹೊಲದ ಬದುವಿನ ಮೇಲೆ ನಿಂತು ಈಶಾನ್ಯಕ್ಕೆ ಬೈನಾಕ್ಯುಲರ್ ಹಿಡಿದೆ. ಆ ಜಾಗ ನನಗೆ ಗೊತ್ತಿದ್ದ ಜಾಗ. ಅಲ್ಲಿ ಎಂ52 ಎನ್ನುವ ನಕ್ಷತ್ರಗಳ ಗೊಂಚಲು ಇದೆ, ಹಳೆಯ ನೋಟ್‌ಬುಕ್ಕಿನಲ್ಲಿ ಅದರ ಸುತ್ತಲಿನ ಚುಕ್ಕಿಗಳನ್ನು ಬರೆದಿಟ್ಟಿದ್ದೆ. ಕೆಂಪು ಟಾರ್ಚಿನಲ್ಲಿ ಹಾಳೆ ನೋಡಿದೆ, ಆಕಾಶ ನೋಡಿದೆ. ಮತ್ತೆ ಹಾಳೆ, ಮತ್ತೆ ಆಕಾಶ. ಗೊಂಚಲಿನ ಪಕ್ಕದಲ್ಲಿ ನಾನು ಬರೆಯದ ಒಂದು ಚುಕ್ಕಿ ನಿಚ್ಚಳವಾಗಿ ಉರಿಯುತ್ತಿತ್ತು. ಕೈ ನಡುಗಿತು. ಹೆಂಡತಿಯನ್ನು ಎಬ್ಬಿಸಿ ಕರೆತಂದೆ, ಅವಳೂ ನೋಡಿದಳು. “ಅಷ್ಟೊಂದು ಚುಕ್ಕಿಯಲ್ಲಿ ಒಂದು ಜಾಸ್ತಿ ಆಗಿದ್ದು ಹೇಗ್ರೀ ಗೊತ್ತಾಗುತ್ತೆ?” ಎಂದು ಕೇಳಿದಳು. ದಿನಾ ನೋಡಿದರೆ ಗೊತ್ತಾಗುತ್ತದೆ. ಕುರಿ ಕಾಯುವವನಿಗೆ ಎಣಿಸದೆಯೇ ಒಂದು ಕುರಿ ಕಡಿಮೆ ಇರುವುದು ತಿಳಿಯುತ್ತದೆ, ಅಲ್ವಾ?

ಆ ನೋವಾ ನಮ್ಮದೇ ಗ್ಯಾಲಕ್ಸಿಯಲ್ಲಿ, ಸುಮಾರು 5,500 ಜ್ಯೋತಿರ್ವರ್ಷ ದೂರದಲ್ಲಿತ್ತು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. ಆಂಡ್ರೊಮೆಡಾ ಅದರ ನಾನೂರು ಪಟ್ಟಿಗೂ ಹೆಚ್ಚು ದೂರ. ಅಲ್ಲಿನ ನೋವಾ ನನ್ನ ಬೈನಾಕ್ಯುಲರಿಗೆ ಸಿಗುವ ಮಾತೇ ಇಲ್ಲ.

ಹಾಗಿದ್ದರೆ ವಿಜ್ಞಾನಿಗಳು ಅಷ್ಟು ದೂರದ ಗ್ಯಾಲಕ್ಸಿಯನ್ನೇ ಯಾಕೆ ಕಾಯುತ್ತಾರೆ? ಮಗಳು ಕೇಳಿದ್ದೂ ಇದನ್ನೇ. ಅವಳನ್ನು ಮನೆಯ ಮಾಳಿಗೆ ಹತ್ತಿಸಿ ಎದುರಿನ ಗುಡ್ಡದ ಊರು ತೋರಿಸಿದೆ. ನಮ್ಮ ಊರೊಳಗೆ ನಿಂತರೆ ಯಾವ ದೀಪ ಹತ್ತಿರ, ಯಾವುದು ದೂರ, ಗೋಡೆ ಅಡ್ಡ ಇರುವುದು ಯಾವುದಕ್ಕೆ, ಒಂದೂ ಲೆಕ್ಕ ಸಿಗುವುದಿಲ್ಲ. ಎದುರಿನ ಊರಿನ ದೀಪಗಳೆಲ್ಲ ನಮ್ಮಿಂದ ಹೆಚ್ಚುಕಮ್ಮಿ ಒಂದೇ ದೂರ. ಅಲ್ಲಿ ಯಾವುದು ಜಾಸ್ತಿ ಬೆಳಗುತ್ತದೋ ಅದು ನಿಜವಾಗಿಯೂ ದೊಡ್ಡ ದೀಪ. ನಮ್ಮ ಗ್ಯಾಲಕ್ಸಿಯೊಳಗೆ ದೂಳು ಅಡ್ಡ ಬರುತ್ತದೆ, ದೂರ ಅಳೆಯುವುದು ಕಷ್ಟ. ಆಂಡ್ರೊಮೆಡಾದಲ್ಲಿ ಹೋಲಿಕೆ ಸುಲಭ. ಅಲ್ಲಿ ವರ್ಷಕ್ಕೆ ಸುಮಾರು 65 ನೋವಾ ಆಗುತ್ತವೆ ಎಂದು ಅಂದಾಜು. ವಾರಕ್ಕೆ ಒಂದಕ್ಕಿಂತ ಜಾಸ್ತಿಯೇ ಆಯಿತು.

ಅವುಗಳಲ್ಲಿ ಎಲ್ಲೋ ಒಂದು ಮಿಕ್ಕವನ್ನೆಲ್ಲ ಮೀರಿಸುತ್ತದೆ. 2007ರ ನವೆಂಬರಿನಲ್ಲಿ ಸಿಕ್ಕದ್ದು ಅಂಥದ್ದು. ಅದರ ಹೆಸರು ಎಂ31ಎನ್ 2007-11ಡಿ. ಹೆಸರಿನಲ್ಲೇ ವಿವರ ಇದೆ: ಎಂ31 ಅಂದರೆ ಆಂಡ್ರೊಮೆಡಾ, ಎನ್ ಅಂದರೆ ನೋವಾ, 2007ರ ಹನ್ನೊಂದನೇ ತಿಂಗಳು, ಆ ತಿಂಗಳ ನಾಲ್ಕನೆಯದು. ಸಾಧಾರಣ ನೋವಾ ಹೆಚ್ಚೆಂದರೆ ಲಕ್ಷ ಸೂರ್ಯರ ಹತ್ತಿರ ಬೆಳಗುತ್ತದೆ. ಇದು ಸುಮಾರು ಐದು ಲಕ್ಷ ಸೂರ್ಯರಷ್ಟು ಬೆಳಗಿತು. ಆದರೂ ಇಲ್ಲಿಗೆ ತಲುಪಿದ ಬೆಳಕು, ಬರಿಗಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರದ ಮೂರು ಸಾವಿರದಲ್ಲಿ ಒಂದು ಪಾಲೂ ಇರಲಿಲ್ಲ! ಇನ್ನೊಂದು ವಿಶೇಷ, ಅದು ಅವಸರ ಮಾಡಲಿಲ್ಲ. ಶಿಖರ ಮುಟ್ಟಲು ಕನಿಷ್ಠ ನಾಲ್ಕು ದಿನ ತೆಗೆದುಕೊಂಡು, ನವೆಂಬರ್ 20ರಂದು ಪೂರ್ತಿ ಬೆಳಗಿತು. 1991ರಲ್ಲಿ ದೊಡ್ಡ ಮೆಗೆಲ್ಲನ್ ಮೋಡ ಎನ್ನುವ ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿಯಲ್ಲಿ ಕಂಡ ನೋವಾದ ನಡತೆಯೂ ಹೀಗೇ ಇತ್ತು.

ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ಅದೇ ಗ್ಯಾಲಕ್ಸಿಯಲ್ಲಿದೆ. 2008ರ ಡಿಸೆಂಬರಿನಲ್ಲಿ ಜಪಾನಿನ ಕೊಯಿಚಿ ನಿಶಿಯಾಮ, ಫುಜಿಯೊ ಕಬಾಶಿಮ ಎಂಬ ಇಬ್ಬರು ಹವ್ಯಾಸಿಗಳು ಕಂಡ ಎಂ31ಎನ್ 2008-12ಎ. ಅದು ಪ್ರತಿ ವರ್ಷ ಸಿಡಿಯುತ್ತದೆ! ಹಬ್ಬದ ಹಾಗೆ ವರ್ಷಕ್ಕೊಮ್ಮೆ ಸಿಡಿದು, ಕೆಲವೇ ದಿನದಲ್ಲಿ ಆರಿಹೋಗುತ್ತದೆ. ಹೀಗೆ ಲಕ್ಷಾಂತರ ಸಲ ಸಿಡಿದದ್ದರಿಂದ ಅದರ ಸುತ್ತ ಸುಮಾರು 400 ಜ್ಯೋತಿರ್ವರ್ಷ ಅಗಲದ ದೊಡ್ಡ ಚಿಪ್ಪೇ ಕಟ್ಟಿದೆ. ಅಲ್ಲಿನ ಶ್ವೇತಕುಬ್ಜ ತುಂಬಾ ಭಾರದ್ದು. ಭಾರ ಹೆಚ್ಚಾದಷ್ಟೂ ಒತ್ತಡ ಜಾಸ್ತಿ, ಸ್ವಲ್ಪ ಅನಿಲ ಬಿದ್ದರೂ ಸಾಕು, ಹೊತ್ತಿಕೊಳ್ಳುತ್ತದೆ. ಹಗುರಾಗಿ, ತಣ್ಣಗೆ ಇರುವ ಶ್ವೇತಕುಬ್ಜ ಹಾಗಲ್ಲ. ಅದರ ಮೇಲೆ ಅನಿಲ ನಿಧಾನವಾಗಿ ಇಳಿದರೆ ದಪ್ಪ ಪದರ ಕೂಡುವ ತನಕ ಬೆಂಕಿ ಹತ್ತುವುದಿಲ್ಲ. ಹತ್ತಿದಾಗ ಬಣವೆಗೆ ಬಿದ್ದ ಕಿಡಿ. ತೀರಾ ಪ್ರಕಾಶದ ನೋವಾಗಳಿಗೆ ಲೆಕ್ಕ ಹಾಕಿದವರು ಕೊಡುವ ಒಂದು ವಿವರಣೆ ಇದು. ನನ್ನಂಥ ರೈತನಿಗೆ ಥಟ್ಟನೆ ಮನಸ್ಸಿಗೆ ಹತ್ತಿದ ವಿವರಣೆಯೂ ಇದೇ.

ಜಾಸ್ತಿ ಬೆಳಗಿದ್ದೆಲ್ಲ ಒಂದೇ ಜಾತಿಯದ್ದಲ್ಲ ಎನ್ನುವುದನ್ನು ಆಂಡ್ರೊಮೆಡಾ ನೂರು ವರ್ಷಕ್ಕೂ ಹಿಂದೆಯೇ ತೋರಿಸಿದೆ. 1885ರ ಆಗಸ್ಟ್ 20ರಂದು, ಇಂದಿನ ಎಸ್ಟೋನಿಯಾದ ಟಾರ್ಟುವಿನಲ್ಲಿದ್ದ ಅರ್ನ್ಸ್ಟ್ ಹಾರ್ಟ್‌ವಿಗ್ ಆ ಮಬ್ಬಿನ ನಡುವೆ ಒಂದು ನಕ್ಷತ್ರ ಕಂಡರು. ಅದು ಬರಿಗಣ್ಣಿಗೆ ಕಾಣುವ ಅಂಚಿನಲ್ಲಿತ್ತು. ಮೂರು ದಿನ ಮೊದಲೇ ಫ್ರಾನ್ಸಿನ ರೂವಾನಿನಲ್ಲಿ ಲುಡೋವಿಕ್ ಗುಲ್ಲಿ ಎಂಬುವರು ಅದನ್ನು ಕಂಡಿದ್ದರು, ಆದರೆ ನಿಜವಾದ ನಕ್ಷತ್ರ ಅಲ್ಲ ಎಂದುಕೊಂಡು ಬಿಟ್ಟರು. ಅವರ ವಿಷಯ ಓದಿದಾಗೆಲ್ಲ ನನಗೆ ಮರುಕವಾಗುತ್ತದೆ. ಎಲ್ಲರೂ ಅದನ್ನು ನೋವಾ ಎಂದೇ ತಿಳಿದರು. ಅದೇ ಒಂದು ದೊಡ್ಡ ಗೊಂದಲಕ್ಕೆ ಕಾರಣವಾಯಿತು. 1920ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಹಾರ್ಲೋ ಶೇಪ್ಲಿ ಮತ್ತು ಹೀಬರ್ ಕರ್ಟಿಸ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ವಾದಕ್ಕೆ ನಿಂತಾಗ, ಇಂಥ ಮಬ್ಬುಗಳು ನಮ್ಮ ಗ್ಯಾಲಕ್ಸಿಯ ಒಳಗಿವೆಯೋ ಹೊರಗಿವೆಯೋ ಎಂಬುದೇ ಪ್ರಶ್ನೆ. ಹೊರಗಿದ್ದು ಅಷ್ಟು ದೂರದಲ್ಲಿದ್ದರೆ 1885ರ ನಕ್ಷತ್ರ ನಂಬಲಾಗದಷ್ಟು ಬೆಳಗಿರಬೇಕಾಗುತ್ತದೆ, ಹಾಗಾಗಿ ಆಂಡ್ರೊಮೆಡಾ ಹತ್ತಿರವೇ ಇದೆ ಎನ್ನುವುದು ಶೇಪ್ಲಿ ಕಡೆಯ ಒಂದು ವಾದ. ನೋವಾಗಳಲ್ಲಿ ಎರಡು ಬಗೆ ಇರಬಹುದು ಎಂದರು ಕರ್ಟಿಸ್.

ಮೂರು ವರ್ಷದ ನಂತರ, 1923ರ ಅಕ್ಟೋಬರಿನಲ್ಲಿ, ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ಟೆಲಿಸ್ಕೋಪಿನಲ್ಲಿ ಎಡ್ವಿನ್ ಹಬಲ್ ಆಂಡ್ರೊಮೆಡಾದ ಫೋಟೊ ತೆಗೆದರು. ಗಾಜಿನ ಪ್ಲೇಟಿನ ಮೇಲೆ ನೋವಾ ಎನಿಸಿದ ಮೂರು ಚುಕ್ಕಿಗೆ ‘ಎನ್’ ಎಂದು ಗುರುತು ಹಾಕಿದರು. ಹಳೆಯ ಪ್ಲೇಟುಗಳ ಜೊತೆ ಹೋಲಿಸಿದಾಗ ಒಂದು ಚುಕ್ಕಿ ಏರಿಳಿಯುತ್ತಾ ಇರುವ ನಕ್ಷತ್ರ ಎಂದು ತಿಳಿಯಿತು. ‘ಎನ್’ ಹೊಡೆದುಹಾಕಿ ‘ವಿಎಆರ್!’ ಎಂದು ಬರೆದರು, ಬೆಳಕು ಬದಲಾಗುವ ನಕ್ಷತ್ರ ಎಂದು. ಆ ಚುಕ್ಕಿಯ ಏರಿಳಿತದ ಲೆಕ್ಕದಿಂದಲೇ ಆಂಡ್ರೊಮೆಡಾದ ದೂರ ಸಿಕ್ಕಿತು, ಅದು ಬೇರೆಯದೇ ಗ್ಯಾಲಕ್ಸಿ ಎಂದು ಗೊತ್ತಾಯಿತು. 1885ರದ್ದು ನೋವಾ ಅಲ್ಲ, ನಕ್ಷತ್ರವೇ ನಾಶವಾದ ಸೂಪರ್‌ನೋವಾ ಎನ್ನುವುದೂ ಆಮೇಲೆ ತಿಳಿಯಿತು. ಆ ಪ್ಲೇಟಿನ ಚಿತ್ರವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ತಪ್ಪು ಕಂಡ ಕೂಡಲೇ ಹೊಡೆದುಹಾಕಿ ಸರಿ ಬರೆದಿದ್ದಾರೆ, ಅದೂ ಎಲ್ಲರಿಗೂ ಕಾಣುವ ಹಾಗೆ.

ತೀರಾ ಈಚೆಗೆ, 2015ರ ಜನವರಿಯಲ್ಲೂ ಹೀಗೇ ಆಯಿತು. ಆಂಡ್ರೊಮೆಡಾದಲ್ಲಿ ಒಂದು ಜೋರು ಬೆಳಕು ಕಂಡಿತು, ಮೊದಲು ನೋವಾ ಎಂದೇ ಸುದ್ದಿ. ವಾರಗಳು ಕಳೆದಂತೆ ಅದು ಕೆಂಪಾಗುತ್ತಾ ಹೋಯಿತು. ಎರಡು ನಕ್ಷತ್ರ ಒಂದರೊಳಗೊಂದು ಸೇರಿಹೋದದ್ದು ಅದು. ಬರೀ ಪ್ರಕಾಶ ನೋಡಿ ಜಾತಿ ಹೇಳಲು ಬರುವುದಿಲ್ಲ. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ, ವರ್ಣಪಟಲ ತೆಗೆದು ನೋಡಲೇಬೇಕು. ಅದೂ ಬೇಗ, ಆರುವ ಮೊದಲು. ಅಮೆರಿಕದಲ್ಲಿ ಹಗಲಾದಾಗ ಇಲ್ಲಿ ರಾತ್ರಿ. ಆಗ ನೋಡಲು ನಮ್ಮ ಕಡೆ ಒಳ್ಳೆಯ ಟೆಲಿಸ್ಕೋಪ್ ಇರಬೇಕು.

ಇದೆ. ನಾನು ಉಳಿಸಿಕೊಳ್ಳಿ ಎಂದ ಹೊಸಕೋಟೆಯ ವಿಷಯ ಇದೇ. ಹೊಸಕೋಟೆ ಅಂದರೆ ಬೆಳಗಿನ ಜಾವದ ಬಿರಿಯಾನಿ, ಅದು ಎಲ್ಲರಿಗೂ ಗೊತ್ತು. ಅದೇ ಊರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಇದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪ್ ಇದೆ. ಅದನ್ನು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಜನ ಬಿರಿಯಾನಿಗೆ ಸಾಲು ನಿಲ್ಲುವ ಹೊತ್ತಿಗೆ, ಅದೇ ಊರಿನ ಒಂದು ಕೋಣೆಯಿಂದ ಹಿಮಾಲಯದ ಕನ್ನಡಿ ಆಕಾಶದತ್ತ ತಿರುಗುತ್ತಿರುತ್ತದೆ. ಅದಕ್ಕೆ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಎಂದು ಹೆಸರು, ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ. ಶ್ವೇತಕುಬ್ಜ ಎಷ್ಟು ಭಾರ ತಾಳಬಲ್ಲದು ಎಂದು ಲೆಕ್ಕ ಹಾಕಿದವರು ಅವರೇ, ಸೂರ್ಯನ ಸುಮಾರು 1.4 ಪಟ್ಟು. ವರ್ಷಕ್ಕೊಮ್ಮೆ ಸಿಡಿಯುತ್ತದೆ ಎಂದೆನಲ್ಲ, ಆ ಶ್ವೇತಕುಬ್ಜ ಇದೇ ಗಡಿಯ ಹತ್ತಿರ ಬಂದು ನಿಂತಿದೆ. ಅದನ್ನು ಹಾನ್ಲೆಯಿಂದಲೂ, ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದಿಂದಲೂ ಗಮನಿಸಿದ್ದಾರೆ. ಆ ಸಂಸ್ಥೆಯ ಜಿ.ಸಿ. ಅನುಪಮಾ ಅವರು ನೋವಾ, ಸೂಪರ್‌ನೋವಾಗಳ ಅಧ್ಯಯನದಲ್ಲೇ ದಶಕಗಳನ್ನು ಕಳೆದವರು. ಭಾರತೀಯ ಖಗೋಳ ಸೊಸೈಟಿಗೆ ಅಧ್ಯಕ್ಷರಾದ ಮೊದಲ ಮಹಿಳೆ. ಇಷ್ಟೆಲ್ಲ ನಮ್ಮ ಮನೆಬಾಗಿಲಲ್ಲೇ ಇರುವಾಗ, ಸುದ್ದಿಯಲ್ಲಿ ‘ವಿದೇಶಿ ವಿಜ್ಞಾನಿಗಳು’ ಎಂದಷ್ಟೇ ಇತ್ತು. ನನಗೆ ತುಂಬಾ ಬೇಜಾರಾದದ್ದು ಅದಕ್ಕೆ. ನಮ್ಮ ಶಾಲೆಯ ಹೆಣ್ಣುಮಕ್ಕಳು ಆ ಒಂದು ಹೆಸರನ್ನಾದರೂ ಪತ್ರಿಕೆಯಲ್ಲಿ ಓದಬೇಕಿತ್ತು.

ನನ್ನ ಕೋರಿಕೆ ಎರಡು. ಮೊದಲನೆಯದು, ವಾರಕ್ಕೊಂದು ಸಲ ಅಂಗೈಯಗಲದ ಜಾಗ ಆಕಾಶಕ್ಕೆ ಕೊಡಿ. ಧಾರಣೆಯ ಪಕ್ಕದಲ್ಲೇ ಕೊಟ್ಟರೂ ಸರಿ, ರೈತರು ಆ ಪುಟ ತಪ್ಪದೆ ನೋಡುತ್ತಾರೆ. ಈ ವಾರ ರಾತ್ರಿ ಯಾವ ಹೊತ್ತಿಗೆ, ಯಾವ ದಿಕ್ಕಿನಲ್ಲಿ, ಏನು ಕಾಣುತ್ತದೆ, ಇಷ್ಟು ಸಾಕು. ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಹೊಲಕ್ಕೆ ಹೋಗುವವರು ಈ ರಾಜ್ಯದಲ್ಲಿ ಎಷ್ಟು ಜನ ಇದ್ದೇವೆ! ನಮಗೆ ಕತ್ತಲು ಇದೆ, ಹೊತ್ತು ಇದೆ, ಮಳೆ ಲೆಕ್ಕಕ್ಕೆ ನಕ್ಷತ್ರಗಳ ಹೆಸರು ಬಾಯಿಗೆ ಬರುತ್ತದೆ. ತಲೆ ಎತ್ತಿ ಎಲ್ಲಿ ನೋಡಬೇಕು ಎಂದು ಹೇಳುವವರು ಬೇಕು ಅಷ್ಟೇ.

ಎರಡನೆಯದು, ಒಂದು ತಿದ್ದುಪಡಿ ಹಾಕಿ. ‘ನೋವಾ ಎಂದರೆ ಹೊಸ ನಕ್ಷತ್ರದ ಹುಟ್ಟಲ್ಲ, ಹಳೆಯ ನಕ್ಷತ್ರ ಮತ್ತೆ ಹೊತ್ತಿಕೊಳ್ಳುವುದು’ ಎಂದು ಎರಡೇ ಸಾಲು. ಮುಂದಿನ ಸೋಮವಾರ ವಾರ್ತೆ ಓದುವ ಸರದಿ ಬೇರೆ ಹುಡುಗಿಯದು. ಮಗಳು ಆಗಲೇ ಅವಳ ಹತ್ತಿರ ಮಾತಾಡಿ ಅದನ್ನು ತಾನು ತೆಗೆದುಕೊಂಡಿದ್ದಾಳೆ. ಭಾನುವಾರದ ಪತ್ರಿಕೆಗೆ ಕಾಯುತ್ತಿದ್ದಾಳೆ.

ಇಂತಿ,
ಒಬ್ಬ ರೈತ ಓದುಗ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ